ಸಾರ್ವಜನಿಕ ಹಣ ಮತ್ತು ಕಡತದಲ್ಲಿ ಸಿಕ್ಕಿಕೊಂಡ ನೆಲ



ಸರ್ಕಾರದ ದುಡ್ಡಿನಲ್ಲಿ ನಡೆಯುವ ಭೂ ಅಭಿವೃದ್ಧಿಯಲ್ಲಿ ರಾಜಕೀಯ ಭ್ರಷ್ಟಾಚಾರವೂ ಸಂಘಟಿತ ಅಪರಾಧವೂ ಹೇಗೆ ಒಂದಕ್ಕೊಂದು ಆಸರೆಯಾಗುತ್ತವೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇನೆ. ಊರಿನ ನೆಲಕ್ಕೆ ಬೆಲೆ ತಂದುಕೊಟ್ಟವರು ಯಾರು, ಆ ಬೆಲೆ ಯಾರ ಪಾಲಾಗುತ್ತದೆ? ಅಧಿಸೂಚನೆ ಹೊರಟ ದಿನದಿಂದ ಅದು ಮುಗಿಯುವ ದಿನದವರೆಗೆ ಕಚೇರಿಯ ಕಡತದಲ್ಲಿ ಏನು ನಡೆಯುತ್ತದೆ? ತೋಳ್ಬಲದವರಿಗೆ ಇಲ್ಲಿ ಕೆಲಸ ಹೇಗೆ ಹುಟ್ಟಿಕೊಳ್ಳುತ್ತದೆ? ನೈಸ್ ರಸ್ತೆ, ವಕ್ಫ್ ಆಸ್ತಿ, ಗಣಿ ಇವೆಲ್ಲ ದೊಡ್ಡ ವಿಷಯಗಳು. ಇವತ್ತಿನ ವ್ಯಾಪ್ತಿಗೆ ತರುವುದಿಲ್ಲ. ಇನ್ನೊಂದು ಮಾತು. ಆರೋಪವನ್ನು ಆರೋಪವೆಂದೇ ಹೇಳುತ್ತೇನೆ. ನ್ಯಾಯಾಲಯ ಖುಲಾಸೆ ಮಾಡಿದ್ದರೆ ಅದನ್ನೂ ಹೇಳುತ್ತೇನೆ. ಈ ವಿಷಯದಲ್ಲಿ ಎಲ್ಲರೂ ಕಳ್ಳರು ಎಂದು ಕೈಚೆಲ್ಲುವುದು ನಿಜವಾದ ಕಳ್ಳರಿಗೆ ಬಹಳ ಅನುಕೂಲ.

ಮೊದಲ ಪ್ರಶ್ನೆಗೆ ಬರೋಣ. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ 13.71 ಕಿಲೋಮೀಟರ್ ಮೆಟ್ರೊ ಮಾರ್ಗ ಉದ್ಘಾಟನೆಯಾಯಿತು. ನಮ್ಮ ಗರುಡಾಚಾರ್‌ಪಾಳ್ಯಕ್ಕೂ ಒಂದು ನಿಲ್ದಾಣ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಕೊಂಡಿ ಕೂಡಿಕೊಂಡ ಮೇಲೆ ಇಲ್ಲಿ ರೈಲು ಹತ್ತಿದವರು ಬದಲಾಯಿಸದೆ ಮೆಜೆಸ್ಟಿಕ್‌ ತಲುಪುವಂತಾಯಿತು. ನಿಲ್ದಾಣದ ಸುತ್ತಮುತ್ತ ಚದರಡಿಯ ಬೆಲೆ ಏನಾಯಿತೆಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಹಾಗೆ ಏರಿದ ಬೆಲೆಗೆ ನೆಲದ ಒಡೆಯ ಬೆವರು ಸುರಿಸಿಲ್ಲ. ತೆರಿಗೆ ಕಟ್ಟಿದವರು, ಟಿಕೆಟ್ ಕೊಂಡವರು, ಸಾಲ ತಂದ ಸರ್ಕಾರ, ಮಾರ್ಗಕ್ಕೆ ಜಾಗ ಬಿಟ್ಟುಕೊಟ್ಟವರು ಸೇರಿ ತಂದ ಬೆಲೆ ಅದು. ಹೊರವರ್ತುಲ ರಸ್ತೆಯ ಕಥೆಯೂ ಇದೇ, ಐಟಿಪಿಎಲ್ ಕಡೆಗೆ ಹೋದ ಕೈಗಾರಿಕಾ ಪ್ರದೇಶದ ಕಥೆಯೂ ಇದೇ. ಸಾರ್ವಜನಿಕ ತೀರ್ಮಾನವೊಂದು ಖಾಸಗಿ ನೆಲದ ಬೆಲೆಯನ್ನು ಹತ್ತು ಪಟ್ಟು ಮಾಡಬಲ್ಲದು. ಅಂಥ ತೀರ್ಮಾನ ಹೊರಬೀಳುವ ಮೊದಲೇ ಗೊತ್ತಿದ್ದವನು ಅಥವಾ ಅದನ್ನು ತಿರುಗಿಸಬಲ್ಲವನು ದುಡಿಯದೆ ಕೋಟ್ಯಧಿಪತಿಯಾಗುತ್ತಾನೆ. ನನ್ನ ಇಡೀ ಉಪನ್ಯಾಸಕ್ಕೆ ಇದೇ ಅಡಿಪಾಯ.

ಇಲ್ಲಿನ ದಾಖಲೆಗಳ ಸ್ಥಿತಿಯನ್ನೂ ಇದರ ಜೊತೆಗೆ ನೋಡಬೇಕು. ಗರುಡಾಚಾರ್‌ಪಾಳ್ಯ, ಹೂಡಿ, ಮಹದೇವಪುರ, ದೊಡ್ಡನೆಕ್ಕುಂದಿಯಂಥ ಈ ಹಳ್ಳಿಗಳು ಪಂಚಾಯಿತಿಯಾಗಿದ್ದವು, ಮಹದೇವಪುರ ನಗರಸಭೆಗೆ ಸೇರಿದವು, 2007ರಲ್ಲಿ ಬಿಬಿಎಂಪಿಗೆ ಬಂದವು, 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿವೆ. ಪ್ರತಿ ಸಲವೂ ಖಾತಾ ಪುಸ್ತಕಗಳು ಒಂದು ಕಚೇರಿಯ ಬೀರುವಿನಿಂದ ಇನ್ನೊಂದು ಕಚೇರಿಯ ಬೀರುವಿಗೆ ಹೋದವು. ಪಹಣಿ ಕಂದಾಯ ಇಲಾಖೆಯಲ್ಲಿ, ಖಾತಾ ಪಾಲಿಕೆಯಲ್ಲಿ, ಕ್ರಯಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ, ಸ್ವಾಧೀನದ ಕಡತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲೋ (ಬಿಡಿಎ) ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಲ್ಲೋ (ಕೆಐಎಡಿಬಿ) ಉಳಿದವು. ಒಂದೇ ತುಂಡು ನೆಲಕ್ಕೆ ನಾಲ್ಕು ಕಡೆ ನಾಲ್ಕು ಬಗೆಯ ಸಾಕ್ಷ್ಯ ಸಿಕ್ಕರೆ ಆಶ್ಚರ್ಯವಿಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಹಳೆಯ ರೈತನ ಹೆಸರು ಹಾಗೇ ಇರುತ್ತದೆ. ಸರ್ಕಾರ ಆ ಜಮೀನನ್ನು ಸ್ವಾಧೀನ ಮಾಡಿಕೊಂಡು ವರ್ಷಗಳಾಗಿರುತ್ತವೆ, ಆದರೆ ಹನ್ನೊಂದನೇ ಕಾಲಂನಲ್ಲಿ ಅದರ ನಮೂದು ಬಿದ್ದಿರುವುದಿಲ್ಲ. ಒಬ್ಬ ಗುಮಾಸ್ತ ಬರೆಯದೆ ಬಿಟ್ಟ ಅರ್ಧ ಸಾಲು ಅದು. ಆ ಖಾಲಿ ಜಾಗ ನೋಡಿ ಯಾರೋ ಜೀವಮಾನದ ಉಳಿತಾಯ ಹಾಕಿ ಸೈಟು ಕೊಳ್ಳುತ್ತಾರೆ.

ಎರಡನೇ ಪ್ರಶ್ನೆ ಕಡತದ್ದು. ಇದಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ಕಳವಿನ ಬಹುಪಾಲು ಇಲ್ಲೇ ಸದ್ದಿಲ್ಲದೆ ನಡೆಯುತ್ತದೆ.

ಬಿಡಿಎ ಬಡಾವಣೆ ಮಾಡಬೇಕಾದರೆ 1976ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸುತ್ತದೆ, 19ನೇ ಸೆಕ್ಷನ್ ಪ್ರಕಾರ ಅಂತಿಮ ಅಧಿಸೂಚನೆ. ಇವೆರಡರ ನಡುವೆ ರೈತನ ಜೀವ ಕೈಯಲ್ಲಿರುತ್ತದೆ. ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಬರುವುದಿಲ್ಲ, ಪರಿಹಾರ ಎಷ್ಟೆಂದು, ಯಾವಾಗೆಂದು ಯಾರೂ ಹೇಳುವುದಿಲ್ಲ. ಆಗ ಮನೆ ಬಾಗಿಲಿಗೆ ಒಬ್ಬ ಬರುತ್ತಾನೆ. ‘ಸರ್ಕಾರ ಕೊಡುವುದಕ್ಕಿಂತ ಎರಡರಷ್ಟು ಕೊಡುತ್ತೇನೆ, ಕ್ರಯಪತ್ರ ಬೇಡ, ಒಂದು ಕರಾರು, ಒಂದು ಜಿಪಿಎ ಸಾಕು’ ಎನ್ನುತ್ತಾನೆ. ಮಗಳ ಮದುವೆ, ಮಗನ ಫೀಸು ಮುಂದಿರುವ ಮನುಷ್ಯ ಹೆಬ್ಬೆಟ್ಟು ಒತ್ತುತ್ತಾನೆ. ಮುಂದೆ ಆ ಸರ್ವೆ ನಂಬರ್ ಸ್ವಾಧೀನದಿಂದ ಹೊರಬೀಳುತ್ತದೆ. ನಮ್ಮ ಜನ ಇಂಗ್ಲಿಷ್ ಬಾರದಿದ್ದರೂ ಕಲಿತುಕೊಂಡಿರುವ ಡಿನೋಟಿಫಿಕೇಷನ್ ಇದೇ. ಮನವಿಗೆ ಸಹಿ ರೈತನದು, ಲಾಭ ಮಾತ್ರ ಜಿಪಿಎ ಎಂಬ ಅಧಿಕಾರಪತ್ರ ಹಿಡಿದವನದು.

1894ರ ಭೂಸ್ವಾಧೀನ ಕಾಯ್ದೆಯ 48ನೇ ಸೆಕ್ಷನ್ ಸರ್ಕಾರಕ್ಕೆ ಹಿಂದೆ ಸರಿಯುವ ಅಧಿಕಾರ ಕೊಟ್ಟಿತ್ತು, ಆದರೆ ಜಮೀನು ಸುಪರ್ದಿಗೆ ಬಾರದಿದ್ದರೆ ಮಾತ್ರ. ಹಾಗಾಗಿ ಎಲ್ಲವೂ ಒಂದು ಹಾಳೆಯ ಮಹಜರಿನ ಮೇಲೆ ನಿಂತಿತು. ಪಂಚರ ಸಹಿಯಿರುವ ಆ ಹಾಳೆ ಕಡತದಲ್ಲಿದ್ದರೆ ನೆಲ ಜನರದ್ದು, ಕಾಣದಿದ್ದರೆ ಬೇರೆಯವರದ್ದು. ಮಹಜರು ಆಗಿ, ಪರಿಹಾರದ ಅವಾರ್ಡ್ ಆಗಿ, ಎಷ್ಟೋ ಕಡೆ ಬಡಾವಣೆಯೇ ಆಗಿ ಹೋದ ಮೇಲೂ ಜಮೀನು ಕೈಬಿಟ್ಟ ಉದಾಹರಣೆಗಳು ನಮ್ಮ ನ್ಯಾಯಾಲಯಗಳ ಮುಂದೆ ಸಾಲುಸಾಲಾಗಿ ಬಂದಿವೆ. ಮಹಾಲೇಖಪಾಲರು ಬಿಡಿಎ ಡಿನೋಟಿಫಿಕೇಷನ್ ಮತ್ತು ನಿವೇಶನ ಹಂಚಿಕೆಗೆಂದೇ ಪ್ರತ್ಯೇಕ ವರದಿ ಬರೆಯಬೇಕಾಗಿ ಬಂತು.

ಅರ್ಕಾವತಿ ಬಡಾವಣೆಯನ್ನು ತೆಗೆದುಕೊಳ್ಳಿ. 2003ರ ಫೆಬ್ರುವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಾಗ ಇದ್ದದ್ದು 3,339 ಎಕರೆ 12 ಗುಂಟೆ, 16 ಹಳ್ಳಿಗಳಲ್ಲಿ. 2004ರ ಅಂತಿಮ ಅಧಿಸೂಚನೆಗೆ ಬರುವ ಹೊತ್ತಿಗೆ 2,750 ಎಕರೆ. ಹೈಕೋರ್ಟ್‌ನಲ್ಲಿ ಒಮ್ಮೆ ರದ್ದು, ಒಮ್ಮೆ ಊರ್ಜಿತ. 2010ರಲ್ಲಿ ಸುಪ್ರೀಂ ಕೋರ್ಟ್ ಷರತ್ತುಗಳೊಂದಿಗೆ ಎತ್ತಿಹಿಡಿಯಿತು. ಆಮೇಲೆ 541 ಎಕರೆ ಕೈಬಿಟ್ಟದ್ದರ ಬಗ್ಗೆ ಗದ್ದಲವೆದ್ದು 2014ರಲ್ಲಿ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗ ನೇಮಕವಾಯಿತು. 2017ರ ಆಗಸ್ಟ್‌ನಲ್ಲಿ ಆಯೋಗ ವರದಿ ಕೊಟ್ಟಿತು. ವಿಚಾರಣಾ ಆಯೋಗಗಳ ಕಾಯ್ದೆಯ ಪ್ರಕಾರ ಅಂಥ ವರದಿ ಆರು ತಿಂಗಳೊಳಗೆ ಕ್ರಮ ವರದಿಯೊಂದಿಗೆ ಸದನದ ಮುಂದೆ ಬರಬೇಕು. ಬರಲಿಲ್ಲ. ಸರ್ಕಾರಗಳು ಬದಲಾದವು, ಆಗಲೂ ಬರಲಿಲ್ಲ. ಯಾವ ಪಕ್ಷವೂ ಇದರಲ್ಲಿ ತಾನು ಬೇರೆ ಎಂದು ಹೇಳಿಕೊಳ್ಳುವಂತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿವೇಶನಕ್ಕೆ ದುಡ್ಡು ಕಟ್ಟಿ ಕಾದ ನಿವೃತ್ತ ಶಿಕ್ಷಕರು, ಗುಮಾಸ್ತರು ಮುದುಕರಾದರು, ಕೆಲವರು ಹೊರಟೇಹೋದರು.

ಡಾ. ಶಿವರಾಮ ಕಾರಂತ ಬಡಾವಣೆಯದು ಇನ್ನೂ ನೋವಿನ ಕಥೆ. 2008ರ ಡಿಸೆಂಬರ್ 30ರಂದು 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ಸುಮಾರು ಹತ್ತು ವರ್ಷ ಅಂತಿಮ ಅಧಿಸೂಚನೆ ಬರಲೇ ಇಲ್ಲ. ಆ ನಡುವೆ ಜಮೀನು ಕೈಬಿಡುವ ಕೆಲಸ ಮಾತ್ರ ನಿಲ್ಲಲಿಲ್ಲ. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಕಠಿಣ ಮಾತುಗಳಲ್ಲಿ ಇದನ್ನು ಖಂಡಿಸಿ ಬಡಾವಣೆ ಮುಂದುವರಿಸಲು ಆದೇಶಿಸಿತು. ಅಷ್ಟರಲ್ಲಿ ಅಲ್ಲಿ ಸೈಟು ಕೊಂಡು ಮನೆ ಕಟ್ಟಿಕೊಂಡವರು, ಜಮೀನು ಉಳಿದೀತೆಂದು ನಂಬಿ ತೋಟ ಹಾಕಿದ ರೈತರು ಇಬ್ಬರೂ ಅತಂತ್ರರಾದರು. ಕಾರಂತರ ಹೆಸರಿಟ್ಟ ಬಡಾವಣೆಗೆ ಹೀಗಾದದ್ದು ಕನ್ನಡಿಗನಾಗಿ ನನಗೆ ಬೇಸರ ತರಿಸಿದೆ.

ಡಿನೋಟಿಫಿಕೇಷನ್ ದೂರುಗಳಲ್ಲೇ 2011ರ ಅಕ್ಟೋಬರ್ 15ರಂದು ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಜೈಲಿಗೆ ಹೋದರು. ಅದಕ್ಕೆ ಸಂಬಂಧಿಸಿದಂತೆ ಕೇಳಿಬಂದಿದ್ದ ಟ್ರಸ್ಟ್ ದೇಣಿಗೆ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. 2024ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) 14 ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕುಟುಂಬದ ಮೇಲೆ ದೂರು ಬಂತು. ನಿವೇಶನಗಳನ್ನು ಹಿಂದಿರುಗಿಸಿದರು, 2025ರಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಹಾಕಿದರು. ಇವರಲ್ಲಿ ಯಾರು ತಪ್ಪಿತಸ್ಥರೆಂದು ತೀರ್ಮಾನಿಸಲು ನಾನು ಇಲ್ಲಿ ನಿಂತಿಲ್ಲ. ಒಬ್ಬ ಮುಖ್ಯಮಂತ್ರಿಯ ಮೇಜಿನ ಮೇಲೆ ಒಂದೊಂದು ಎಕರೆಯ, ಒಂದೊಂದು ಸೈಟಿನ ಕಡತ ಬರುವ ವ್ಯವಸ್ಥೆ ಏಕಿರಬೇಕು ಎಂಬುದೇ ನನ್ನ ಪ್ರಶ್ನೆ. ವಿವೇಚನಾಧಿಕಾರ ಇದ್ದಷ್ಟು ದಿನ ಬಾಗಿಲಲ್ಲಿ ದಲ್ಲಾಳಿ ಇರುತ್ತಾನೆ.

ಈ ದಲ್ಲಾಳಿಯ ಬಗ್ಗೆ ದೇಶದ ಅತ್ಯುನ್ನತ ನ್ಯಾಯಾಲಯವೇ ಬರೆದದ್ದಿದೆ. 1980ರ ದಶಕದಲ್ಲಿ ಬೆಂಗಳೂರಿನ ಸುತ್ತ ಗೃಹ ನಿರ್ಮಾಣ ಸಹಕಾರ ಸಂಘಗಳು ಹುಟ್ಟಿಕೊಂಡವು. ನೌಕರರಿಗೆ ಸೂರು ಎಂಬ ಒಳ್ಳೆಯ ಉದ್ದೇಶಕ್ಕೆ ಸರ್ಕಾರ ರೈತರ ಜಮೀನು ಸ್ವಾಧೀನ ಮಾಡಿಕೊಟ್ಟಿತು. ದೂರುಗಳು ಬಂದಾಗ ಹಿರಿಯ ಅಧಿಕಾರಿ ಜಿ.ವಿ.ಕೆ. ರಾವ್ ತನಿಖೆ ನಡೆಸಿದರು. ಅರ್ಹರಲ್ಲದ ಸದಸ್ಯರು, ಮಧ್ಯವರ್ತಿಗಳೊಂದಿಗೆ ಒಪ್ಪಂದ ಎಲ್ಲವೂ ಹೊರಬಂದವು. ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಮೊಕದ್ದಮೆ 1995ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಯಿತು. ಅಲ್ಲಿ ಸಂಘ ಮಧ್ಯವರ್ತಿಯೊಂದಿಗೆ ಬರವಣಿಗೆಯಲ್ಲೇ ಒಪ್ಪಂದ ಮಾಡಿಕೊಂಡಿತ್ತು. ಸರ್ಕಾರದಿಂದ ಸ್ವಾಧೀನದ ಅಧಿಸೂಚನೆಗಳನ್ನು ತಂದುಕೊಡುವುದು ಅವನ ಕೆಲಸ, ಅದಕ್ಕೆ ಸಂಘ ಹಣ ಕೊಡತಕ್ಕದ್ದು. ಸಾರ್ವಭೌಮ ಸರ್ಕಾರದ ಅಧಿಸೂಚನೆಯನ್ನು ಗುತ್ತಿಗೆಗೆ ಹಿಡಿದವನೊಬ್ಬ ಕಾಗದದ ಮೇಲೆ ಸಹಿ ಮಾಡಿದ್ದ! ನ್ಯಾಯಾಲಯ ಸ್ವಾಧೀನವನ್ನೇ ರದ್ದು ಮಾಡಿ ಜಮೀನನ್ನು ರೈತರಿಗೆ ಹಿಂದಿರುಗಿಸಲು ಹೇಳಿತು. ನಾಗವಾರದಲ್ಲಿ ವೈಯಾಲಿಕಾವಲ್ ಸಂಘ ಪಡೆದ ಜಮೀನಿನ ವಿಷಯದಲ್ಲೂ 2007ರಲ್ಲಿ ಹೀಗೇ ಆಯಿತು. ಭೂಸ್ವಾಧೀನ ಅಧ್ಯಯನ ಮಾಡುವ ವಿದ್ಯಾರ್ಥಿಗಳು ಈ ಎರಡು ತೀರ್ಪುಗಳನ್ನು ಓದದೆ ಮುಂದೆ ಹೋಗಬಾರದು. ಇವುಗಳಿಂದ ನಷ್ಟ ಅನುಭವಿಸಿದವರು ಕಂತು ಕಟ್ಟಿದ ನೌಕರರು. ಅಧಿಸೂಚನೆಗೆ ಹಣ ಪಡೆದವರಿಂದ ಆ ಹಣ ವಸೂಲಾದದ್ದು ಎಲ್ಲೂ ಕಾಣುವುದಿಲ್ಲ.

ಈಗ ನಮ್ಮ ಪಕ್ಕದಲ್ಲೇ ನಡೆದ ಒಂದು ವಿಷಯಕ್ಕೆ ಬರುತ್ತೇನೆ. ರಸ್ತೆ ಅಗಲ ಮಾಡಲು ಜಾಗ ಬೇಕು, ಪಾಲಿಕೆಯಲ್ಲಿ ನಗದಿಲ್ಲ. ಅದಕ್ಕೆ ಟಿಡಿಆರ್ ಎಂಬ ವ್ಯವಸ್ಥೆ ತಂದರು. ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ, ಅಂದರೆ ಡಿಆರ್‌ಸಿ. ಅದನ್ನು ಹಿಡಿದವರು ಬೇರೆ ಕಡೆ ಹೆಚ್ಚುವರಿ ಮಹಡಿ ಕಟ್ಟಬಹುದು, ಇಲ್ಲವೇ ಬಿಲ್ಡರ್‌ಗೆ ಮಾರಬಹುದು. ಕೆ.ಆರ್. ಪುರದ ಟಿ.ಸಿ. ಪಾಳ್ಯ ರಸ್ತೆಯ ವಿಸ್ತರಣೆಯಲ್ಲಿ, ಕೌದೇನಹಳ್ಳಿಯ ಬಳಿ, ಈ ಪ್ರಮಾಣಪತ್ರ ಯಾರ ಕೈ ಸೇರಿತು ಎಂಬುದನ್ನು 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಕೆದಕಿತು. ಬಹಳ ಹಿಂದೆಯೇ ಸೈಟುಗಳಾಗಿ ಮಾರಾಟವಾಗಿದ್ದ ಜಮೀನಿಗೆ ಹಳೆಯ ಮಾಲೀಕರ ಹೆಸರಿನಲ್ಲಿ ಡಿಆರ್‌ಸಿ ಕೊಟ್ಟು, ಅದನ್ನು ಕೈಯಿಂದ ಕೈಗೆ ಮಾರಿ ಕೋಟಿಗಟ್ಟಲೆ ಮಾಡಿಕೊಂಡರು ಎಂಬುದು ಆರೋಪ. ರಸ್ತೆ ಬದಿಯಲ್ಲಿ ಮನೆ, ಅಂಗಡಿ ಇಟ್ಟುಕೊಂಡವರು ಜಾಗ ಕಳೆದುಕೊಳ್ಳುವವರು. ಪ್ರಮಾಣಪತ್ರ ಮಾತ್ರ ಬೇರೆಯವರ ಜೇಬಿಗೆ. ತನಿಖೆ ಎಲ್ಲಿಗೆ ಬಂತು ಎಂದು ಕೇಳುವಿರಿ. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನೇ ರದ್ದುಮಾಡಿತು. ಕಡತಗಳು ಲೋಕಾಯುಕ್ತಕ್ಕೆ ಹೋದವು. ತನಿಖಾ ಸಂಸ್ಥೆಯನ್ನು 2016ರಲ್ಲಿ ಕಟ್ಟಿದ ರೀತಿಯೇ ತಪ್ಪು ಎಂದ ಆ ತೀರ್ಪು ಸರಿಯಾದದ್ದೇ. ಆದರೆ ಪ್ರತಿ ಸಲ ತನಿಖೆಯ ಮನೆ ಬದಲಾದಾಗ ಕಾಲ ಆರೋಪಿಗಳ ಪರವಾಗಿ ಓಡುತ್ತದೆ.

ಮೂರನೆಯದು ತೋಳ್ಬಲ. ಬೆಂಗಳೂರಿನ ಭೂಗತ ಜಗತ್ತೆಂದರೆ ಲಾಂಗು ಮಚ್ಚಿನ ಸಿನಿಮಾ ನೆನಪಾಗುವುದು ಸಹಜ. ನಿಜವಾದ ಕೆಲಸ ಅಷ್ಟು ಸದ್ದಿನದಲ್ಲ. ಹೂಡಿಯಿಂದ ಕಿತ್ತಗನೂರಿನವರೆಗೆ ಒಮ್ಮೆ ಹೋಗಿ ನೋಡಿ. ಖಾಲಿ ಸೈಟುಗಳ ಸಿಮೆಂಟ್ ಇಟ್ಟಿಗೆಯ ಕಾಂಪೌಂಡ್‌ಗಳ ಮೇಲೆ ಕೆಂಪು ಬಣ್ಣದಲ್ಲಿ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂದು ಬರೆದಿರುತ್ತಾರೆ. ಕೆಳಗೆ ಮೊಬೈಲ್ ನಂಬರು, ಸಿವಿಲ್ ದಾವೆಯ ಓ.ಎಸ್. ನಂಬರು, ಒಳಗೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಕಾವಲಿಗೊಂದು ಸಂಸಾರ. ಮಾರಾಟಕ್ಕಿಲ್ಲ ಎಂದು ಗೋಡೆಯ ಮೇಲೆ ಬರೆಯಬೇಕಾದ ಊರು ಎಷ್ಟು ಭಯದಲ್ಲಿ ಬದುಕುತ್ತಿರಬೇಕು! ರಾತ್ರೋರಾತ್ರಿ ಜೆಸಿಬಿ ತಂದು ಕಾಂಪೌಂಡ್ ಉರುಳಿಸಿ ಬೇರೆ ಬೋರ್ಡು ನೆಟ್ಟರೆ, ಠಾಣೆಯಲ್ಲಿ ಸಿಗುವ ಉತ್ತರ ಒಂದೇ: ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ. ಕೋರ್ಟಿಗೆ ಹೋದರೆ ಹದಿನೈದು ವರ್ಷ. ಅಷ್ಟು ಕಾಯಲಾರದವನು ‘ಸೆಟ್ಲ್‌ಮೆಂಟ್’ಗೆ ಒಪ್ಪುತ್ತಾನೆ. ರೌಡಿ ಶೀಟರ್‌ನ ಕಚೇರಿಗೆ ಬೋರ್ಡು ‘ಡೆವಲಪರ್ಸ್’ ಎಂದು ಇರುವುದು ಇದಕ್ಕೇ. ದಾಖಲೆ ಕೆಡಿಸುವವರು ಕಚೇರಿಯಲ್ಲಿ, ಕೆಟ್ಟ ದಾಖಲೆಯನ್ನು ಕಾಸು ಮಾಡುವವರು ಬೀದಿಯಲ್ಲಿ. ಇವರಿಬ್ಬರ ನಡುವೆ ಇರುವ ರಾಜಕಾರಣಿಗೆ ಒಬ್ಬ ವರ್ಗಾವಣೆಗೆ ಬೇಕು, ಇನ್ನೊಬ್ಬ ಚುನಾವಣೆಗೆ.

2025ರ ಜುಲೈ 15ರ ರಾತ್ರಿ ಹಲಸೂರು ಕೆರೆಯ ಸಮೀಪ ರೌಡಿ ಪಟ್ಟಿಯಲ್ಲಿದ್ದ ವ್ಯಕ್ತಿಯೊಬ್ಬನ ಕೊಲೆಯಾಯಿತು. ಕಿತ್ತಗನೂರಿನ ಜಮೀನಿನ ತಕರಾರೇ ಕಾರಣವೆಂದು ಮನೆಯವರು ದೂರಿದರು. ದೂರಿನಲ್ಲಿ ಈ ಭಾಗದ ಶಾಸಕರೊಬ್ಬರ ಹೆಸರೂ ಬಂತು, ಅವರು ಆರೋಪವನ್ನು ನಿರಾಕರಿಸಿದ್ದಾರೆ. ನಿಜ ಏನೆಂದು ನ್ಯಾಯಾಲಯ ಹೇಳಲಿ. ಜಮೀನಿನ ತಕರಾರು ರಸ್ತೆಯ ಮೇಲೆ ಹೆಣ ಬೀಳುವ ತನಕ ಬೆಳೆಯುತ್ತದೆ ಎಂಬುದಂತೂ ಈ ಭಾಗದವರಿಗೆ ಹೊಸತಲ್ಲ. 1985ರ ನಮ್ಮ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ಕೊಳೆಗೇರಿ ಕಬಳಿಸುವವರನ್ನೂ ಸೇರಿಸಿದ್ದಾರೆ. ನಲವತ್ತು ವರ್ಷಗಳ ಹಿಂದೆಯೇ ಶಾಸನ ಬರೆದವರಿಗೆ ಇದು ಗೊತ್ತಿತ್ತು.

ಪ್ರಾಮಾಣಿಕ ಅಧಿಕಾರಿಗಳು ತೆತ್ತ ಬೆಲೆಯನ್ನೂ ಸ್ಮರಿಸಬೇಕು. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯಲ್ಲಿ ಉಪನಿರ್ದೇಶಕರಾಗಿದ್ದ ಎಸ್.ಪಿ. ಮಹಾಂತೇಶ್ ಸಂಘಗಳ ಅಕ್ರಮಗಳನ್ನು ಬಯಲಿಗೆಳೆಯುತ್ತಿದ್ದವರು. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ನಡುಮಧ್ಯದಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. ಐದು ದಿನಗಳ ನಂತರ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಗೌರವದಿಂದ ಹೇಳುತ್ತೇನೆ.

ಇದು ನಮ್ಮೂರಿಗೆ ಮಾತ್ರ ಅಂಟಿದ ರೋಗವಲ್ಲ. ಇಟಲಿಯ ಸಿಸಿಲಿಯಲ್ಲಿ ಪಲೆರ್ಮೊ ಎಂಬ ನಗರವಿದೆ. 1950ರ ದಶಕದ ಕೊನೆಯಲ್ಲಿ ಸಾಲ್ವೊ ಲಿಮಾ ಮೇಯರ್, ವಿಟೊ ಚಾಂಚಿಮಿನೊ ಲೋಕೋಪಯೋಗಿ ವಿಭಾಗದ ಮುಖ್ಯಸ್ಥ. ಕೆಲವೇ ವರ್ಷಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಟ್ಟಡ ಪರವಾನಗಿಗಳು ಹೊರಟವು, ಅವುಗಳಲ್ಲಿ ಬಹುಪಾಲು ಬೆರಳೆಣಿಕೆಯ ವ್ಯಕ್ತಿಗಳ ಹೆಸರಿಗೆ. ಅವರಿಗೂ ಕಟ್ಟಡ ಉದ್ಯಮಕ್ಕೂ ಸಂಬಂಧವೇ ಇರಲಿಲ್ಲ. ಹಿಂದೆ ಇದ್ದದ್ದು ಮಾಫಿಯಾ. ಹಳೆಯ ತೋಟಗಳು, ಬಂಗಲೆಗಳು ಕಾಂಕ್ರೀಟಿನಡಿ ಹೋದವು. ಚಾಂಚಿಮಿನೊಗೆ ಶಿಕ್ಷೆಯಾಗುವ ಹೊತ್ತಿಗೆ 1992 ಬಂದಿತ್ತು. ಅದೇ ವರ್ಷ ಲಿಮಾನನ್ನು ಮಾಫಿಯಾವೇ ಕೊಂದಿತು. ನಗರ ಕಳೆದುಕೊಂಡ ನೆಲ ಮರಳಿ ಬರಲಿಲ್ಲ.

ನಮ್ಮಲ್ಲಿ ನೆಲ ಮರಳಿಸಲು ಶ್ರಮಿಸಿದವರಿದ್ದಾರೆ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರ ಎಕರೆಗೂ ಹೆಚ್ಚು ಸರ್ಕಾರಿ ಜಮೀನು ಒತ್ತುವರಿಯಾಗಿದೆ ಎಂದು 2007ರ ಹೊತ್ತಿಗೆ ತೋರಿಸಿತು. ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ 2011ರ ವರದಿಯಲ್ಲಿ ರಾಜ್ಯದಾದ್ಯಂತ 11 ಲಕ್ಷ ಎಕರೆಯ ಲೆಕ್ಕ ಮುಂದಿಟ್ಟಿತು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ತೊಂಬತ್ತು ದಾಟಿದ ವಯಸ್ಸಿನಲ್ಲಿ ಎಸ್.ಆರ್. ಹಿರೇಮಠ, ರಾಮಸ್ವಾಮಿ ಅವರೊಂದಿಗೆ ಧರಣಿ ಕೂತರು. ಭೂ ಕಬಳಿಕೆ ನಿಷೇಧ ಕಾಯ್ದೆ ಬಂತು, 2016ರಲ್ಲಿ ವಿಶೇಷ ನ್ಯಾಯಾಲಯವೂ ಬಂತು. ಕೆ.ಬಿ. ಕೋಳಿವಾಡ ಸಮಿತಿ ಕೆರೆಗಳ ಒತ್ತುವರಿ ಲೆಕ್ಕ ಹಾಕಿತು, ಹತ್ತು ಸಾವಿರ ಎಕರೆ ಮೀರಿತು. ಕೋರಮಂಗಲ ಕಣಿವೆಯಲ್ಲಿ ಒಂದು ಕಾಲಕ್ಕೆ 113.24 ಕಿಲೋಮೀಟರ್ ಇದ್ದ ಕಾಲುವೆ 2016–17ಕ್ಕೆ 62.84ಕ್ಕೆ ಇಳಿದಿತ್ತೆಂದು ಮಹಾಲೇಖಪಾಲರು ಬರೆದರು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ವಲಯ ಮುಳುಗಿದಾಗ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಜನರನ್ನು ದೇಶವೇ ನೋಡಿತು. ಆಗ ಒತ್ತುವರಿ ತೆರವಿಗೆ ಜೆಸಿಬಿಗಳು ಬಂದವು. ಮೊದಲ ದಿನಗಳ ಸದ್ದು ಅಡಗಿದ ಮೇಲೆ ಬಡವರ ಶೆಡ್ಡು ಹೋಯಿತು, ದೊಡ್ಡವರಿಗೆ ತಡೆಯಾಜ್ಞೆ ಸಿಕ್ಕಿತು ಎಂದು ಇಲ್ಲಿನ ಜನ ಹೇಳಿದ ಮಾತನ್ನು ನಾನು ತಳ್ಳಿಹಾಕಲಾರೆ.

ವರದಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ, ಕಾನೂನಿಗೂ ಇಲ್ಲ. ಕಡತ ಮುಚ್ಚಿರುವುದೇ ತೊಂದರೆ. ಆದ್ದರಿಂದ ಹೊಸ ಪೂರ್ವ ಪಾಲಿಕೆಯನ್ನೂ, ಬಿಡಿಎಯನ್ನೂ, ಸರ್ಕಾರವನ್ನೂ ನಾವು ಕೇಳಬೇಕಾದದ್ದು ಸ್ಪಷ್ಟವಾಗಿದೆ. ಕೊಟ್ಟ ಪ್ರತಿಯೊಂದು ಡಿಆರ್‌ಸಿಯನ್ನೂ ಸರ್ವೆ ನಂಬರ್, ನಕ್ಷೆ, ಪಡೆದವರ ಹೆಸರಿನೊಂದಿಗೆ ಪ್ರಕಟಿಸಲಿ. ಸ್ವಾಧೀನವಾದ ಜಮೀನಿನ ನಮೂದು ಪಹಣಿಗೆ ಬೀಳದೆ ಕಡತ ಮುಂದೆ ಹೋಗದಿರಲಿ. ಯಾವ ಜಮೀನನ್ನಾದರೂ ಕೈಬಿಡುವ ಮುನ್ನ ಕಾರಣವನ್ನೂ, ಆ ಜಮೀನಿನ ಮೇಲಿರುವ ಕರಾರು, ಜಿಪಿಎಗಳನ್ನೂ ಸಾರ್ವಜನಿಕರ ಮುಂದಿಡಲಿ. ಆಯೋಗಗಳ ವರದಿಗಳು ಸದನಕ್ಕೆ ಬರಲಿ.

ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ನೀವು ನಿಂತಿರುವ ನೆಲದ ಸರ್ವೆ ನಂಬರ್ ನೋಡಿ. ನಿಮ್ಮ ಬೀದಿಯ ರಾಜಕಾಲುವೆ, ನಿಮ್ಮ ಊರಿನ ಕೆರೆ, ಗೋಮಾಳ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತಿಸಿಕೊಳ್ಳಿ. ವ್ಯತ್ಯಾಸ ಕಂಡರೆ ಒಬ್ಬೊಬ್ಬರೇ ಹೋಗಬೇಡಿ, ಸಂಘವಾಗಿ ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಸಂಸ್ಥೆಯ ವಿದ್ಯಾರ್ಥಿಗಳು ಗರುಡಾಚಾರ್‌ಪಾಳ್ಯದ ಒಂದೊಂದು ಸರ್ವೆ ನಂಬರಿನ ಚರಿತ್ರೆಯನ್ನು ಮಾಹಿತಿ ಹಕ್ಕಿನಡಿ ಕಲೆಹಾಕುವ ಕೆಲಸವನ್ನು ಇದೇ ವರ್ಷ ಆರಂಭಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.